ಸೇಡು ಬೇಡ, ಆದರೆ ಸತ್ಯ ಹೇಳಿ

ಚರ್ಚ್ ಸಭೆಯ ಹಿರಿಯರೊಬ್ಬರು ನಿಮ್ಮ ಮೇಲೆ ಸುಳ್ಳು ಹೊರಿಸಿದ್ದಾರೆ, ಅವರ ಅಧಿಕಾರ ದೇವರು ಕೊಟ್ಟದ್ದು ಅಂತ ಬಾಯಿ ಮುಚ್ಚಿಕೊಂಡು ಇರಬೇಕಾ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಬೈಬಲಿನ 1 ಸಮುವೇಲ 24ನೇ ಅಧ್ಯಾಯ ನಿಧಾನವಾಗಿ ಓದಿ. ಮೂರು ಸಾವಿರ ಜನರನ್ನು ಕಟ್ಟಿಕೊಂಡು ತನ್ನನ್ನು ಕೊಲ್ಲಲು ಹುಡುಕಿ ಬಂದ, ದೇವರೇ ಅಭಿಷೇಕಿಸಿದ ರಾಜ ಸೌಲ ಗುಹೆಯಲ್ಲಿ ಕೈಗೇ ಸಿಕ್ಕಾಗ, ಕೊಂದುಬಿಡು ಅಂತ ಜೊತೆಯವರು ಎಷ್ಟು ಹೇಳಿದರೂ ದಾವೀದ ಅವನ ನಿಲುವಂಗಿಯ ಅಂಚು ಮಾತ್ರ ಕತ್ತರಿಸಿದ, ಅಷ್ಟಕ್ಕೇ ಅವನ ಮನಸ್ಸು ಚುಚ್ಚಿತು. ಆದರೆ ಸುಮ್ನೆ ಕೂರಲಿಲ್ಲ ನೋಡಿ! ಹೊರಗೆ ಬಂದು, ತಲೆಬಾಗಿ, 'ಒಡೆಯನೇ' ಅಂತ ಕರೆದು, ಆ ಬಟ್ಟೆಯ ತುಂಡು ತೋರಿಸಿ, ಕೊಲ್ಲಬಹುದಿತ್ತು ಆದರೂ ಕೊಲ್ಲಲಿಲ್ಲ ಎಂಬ ಸತ್ಯವನ್ನು ನೇರವಾಗಿ ಹೇಳಿದ. ಸೌಲ ಅತ್ತ. ಆದರೂ ದಾವೀದ ಅವನ ಹಿಂದೆ ಹೋಗಲಿಲ್ಲ, ತನ್ನ ಅಡಗುತಾಣಕ್ಕೆ ಹೋದ. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ, ಸೇಡು ಬಿಡುವುದು ಬೇರೆ, ಮತ್ತೆ ನಂಬುವುದು ಬೇರೆ ಅಲ್ವಾ? ನೀವೂ ಮೊದಲು ಆ ಹಿರಿಯರ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಮತ್ತಾಯ 18ರಲ್ಲಿ ಯೇಸು ಹೇಳಿದಂತೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ.