ಅಕ್ಕಸಾಲಿಗ ಎದ್ದು ಹೋಗುವುದಿಲ್ಲ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮ ಓಣಿಯ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು ಬೈಬಲಿನ ಮಲಾಕಿಯ ಪ್ರವಾದಿಯ ಪುಸ್ತಕದಿಂದ 4ನೆಯ ಅಧ್ಯಾಯದ ಮೊದಲ ವಚನ ಓದಿದರು. ಒಲೆಯಂತೆ ಉರಿಯುವ ಆ ದಿನ ಇನ್ನೆರಡು ವರ್ಷದೊಳಗೆ ಬರುತ್ತದೆ, ಮಾರ್ಪಡದವರು ಕೂಳೆಯಂತೆ ಸುಟ್ಟುಹೋಗುತ್ತಾರೆ ಎಂದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಆದರೆ ಮನೆ ಪಾಲಿನ ಜಗಳದಲ್ಲಿ ನೆಗೆಣ್ಣಿಯ ಜೊತೆ ಮಾತು ಬಿಟ್ಟು 4 ವರ್ಷವಾಯಿತು. ಪಿಯುಸಿ ಓದುವ ಮಗ, ಲೋಕವೇ ಮುಗಿಯುವುದಾದರೆ ಪರೀಕ್ಷೆ ಯಾಕೆ ಎಂದು ಪುಸ್ತಕ ಮುಚ್ಚಿಟ್ಟಿದ್ದಾನೆ. ನಾನು ಮಾರ್ಪಟ್ಟಿದ್ದೇನೋ ಇಲ್ಲವೋ, ಹೇಗೆ ತಿಳಿಯುವುದು?
– ಹೆಸರು ಬೇಡವೆಂದ ಓದುಗರು, ಹಾವೇರಿ ಜಿಲ್ಲೆ

ಉತ್ತರ: ತಂಗೀ, ಮೊದಲು ಆ ಎರಡು ವರ್ಷದ ಮಾತನ್ನು ಮುಗಿಸಿಬಿಡೋಣ. ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು, ದೇವರ ಮಗನಾದ ತನಗೂ ತಿಳಿಯದು ಎಂದು ಯೇಸುವೇ ಹೇಳಿದ್ದು ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಆದರೂ ಲೆಕ್ಕ ಹಾಕುವವರು ನಿಂತಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್ ಪ್ರಾಮಾಣಿಕ ಮನುಷ್ಯ. ಬೈಬಲಿನ ದಾನಿಯೇಲನ ಪುಸ್ತಕದ 8ನೆಯ ಅಧ್ಯಾಯದ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, ಕ್ರಿಸ್ತನು ಮರಳಿ ಬರುವುದು 1843ರ ಸುಮಾರಿಗೆ ಎಂದು ಸಾರಿದರು. ಕೊನೆಗೆ ಅವರ ಬಳಗದವರು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಬೆಳೆಯನ್ನು ಹೊಲದಲ್ಲೇ ಬಿಟ್ಟು ಕಾದವರಿದ್ದರು. 23ರ ಬೆಳಗು ಎಂದಿನಂತೆ ಆಯಿತು, ಅವರು ಅತ್ತರು. ನಿಮ್ಮ ಮಗನಿಗೆ ಇದನ್ನು ಹೇಳಿ. ಮೊದಲ ಕಾಲದ ಸಭೆಯಿದ್ದ ಥೆಸಲೊನೀಕ ಪಟ್ಟಣದಲ್ಲಿಯೂ ಕೆಲಸ ಬಿಟ್ಟು ತಿರುಗಾಡುತ್ತಿದ್ದವರಿದ್ದರು. ನೆಮ್ಮದಿಯಾಗಿ ದುಡಿದು ನಿಮ್ಮ ಅನ್ನ ಉಣ್ಣಿರಿ ಎಂದು ಅಪೊಸ್ತಲ ಪೌಲನು ಅವರಿಗೆ ಬರೆದ.

ಇನ್ನು ಬೆಂಕಿಯ ಮಾತು. ಆ ಬೋಧಕರು ಓದಿದ ಒಲೆಗಿಂತ ಮೊದಲು, 3ನೆಯ ಅಧ್ಯಾಯದಲ್ಲಿ, ಮಲಾಕಿಯನು ಇನ್ನೊಂದು ಬೆಂಕಿಯನ್ನು ತೋರಿಸುತ್ತಾನೆ. ಅದು ಅಕ್ಕಸಾಲಿಗನ ಬೆಂಕಿ. ಅದರ ಮುಂದೆ ಕರ್ತನು ಬೆಳ್ಳಿ ಶೋಧಿಸುವವನಂತೆ ಕೂತುಕೊಳ್ಳುತ್ತಾನೆ. ಈ 'ಕೂತುಕೊಳ್ಳುತ್ತಾನೆ' ಎಂಬ ಮಾತು ನನಗೆ ತಿಳಿದದ್ದು ಬೈಬಲ್ ಕಲಿಸುವ ವೇದಶಾಸ್ತ್ರದ ಶಾಲೆಯಲ್ಲಲ್ಲ. ಬೆಟಗೇರಿಯಲ್ಲಿ ನಮ್ಮ ಮನೆಯ ಎದುರಿಗೆ ಪತ್ತಾರ ಕಾಕಾನ ಅಂಗಡಿಯಿತ್ತು. ಹಳೆಯ ಕಾಲ್ಗಡಗ, ಮುರಿದ ಗೆಜ್ಜೆ ಬಂದಾಗ ಅವರು ಬೂದಿ ಮೆತ್ತಿದ ಕುಳಿಯಲ್ಲಿ ಬೆಳ್ಳಿಯ ಜೊತೆ ಸೀಸದ ತುಂಡು ಹಾಕಿ ಇದ್ದಿಲ ಬೆಂಕಿ ಊದುತ್ತಿದ್ದರು. ಸೀಸ ಕರಗಿ ಬೆಳ್ಳಿಯೊಳಗಿನ ತಾಮ್ರವನ್ನೂ ಕಸವನ್ನೂ ಕಟ್ಟಿಕೊಂಡು ಬೂದಿಗೆ ಇಳಿಯುತ್ತಿತ್ತು. ಬೂದಿ ಕುಡಿಯುತ್ತಿತ್ತು. ಯಾರಾದರೂ ಗಿರಾಕಿ ಕರೆದರೆ ಕಾಕಾ ತಲೆ ಎತ್ತುತ್ತಿರಲಿಲ್ಲ. ಕಾವು ಇಳಿದರೆ ಎಲ್ಲ ಹೆಪ್ಪುಗಟ್ಟುತ್ತದೆ, ಹಾಗಾಗಿ ಏಳುವಂತಿಲ್ಲ. ಮೇಲಿನ ಮಬ್ಬು ಪೊರೆ ತೆಳ್ಳಗಾಗುತ್ತಾ ಬಂದು, ಒಮ್ಮೆಲೇ ಬೆಳ್ಳಿ ಮಿಂಚು ಹೊಡೆದಾಗ ಮಾತ್ರ ಊದುಗೊಳವೆ ಕೆಳಗಿಡುತ್ತಿದ್ದರು. ತನ್ನ ಮುಖ ಬೆಳ್ಳಿಯಲ್ಲಿ ಕಾಣುವವರೆಗೆ ಅಕ್ಕಸಾಲಿಗ ಕಾಯುತ್ತಾನೆ ಎಂಬ ಕಥೆಯನ್ನು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಅದು ಮಲಾಕಿಯನ ಪುಸ್ತಕದಲ್ಲಿಲ್ಲ. ಅಲ್ಲಿರುವುದು ಕೂತಿರುವ ಅಕ್ಕಸಾಲಿಗನಷ್ಟೇ, ನನಗೆ ಅಷ್ಟು ಸಾಕು.

ಕರ್ತನು ಮೊದಲು ಯಾರನ್ನು ಪುಟಕ್ಕೆ ಹಾಕುತ್ತಾನೆ ನೋಡಿ. ಹೊರಗಿನವರನ್ನಲ್ಲ, ಲೇವಿಯ ವಂಶದವರನ್ನು, ಅಂದರೆ ದೇವಾಲಯದಲ್ಲಿ ಸೇವೆ ಮಾಡುವವರನ್ನೇ. ಬಾಬೆಲಿನ ಸೆರೆಯಿಂದ ಮರಳಿದವರು ಯೆರೂಸಲೇಮಿನಲ್ಲಿ ದೇವಾಲಯ ಮತ್ತೆ ಕಟ್ಟಿಕೊಂಡಿದ್ದ ಕಾಲ ಅದು. ಯಜ್ಞ ನಡೆಯುತ್ತಿತ್ತು, ಆದರೆ ಕುರುಡು, ಕುಂಟು ಪಶುಗಳನ್ನು ತಂದು ಅರ್ಪಿಸುತ್ತಿದ್ದರು. ಇದನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಒಪ್ಪುತ್ತಾನೋ ಎಂದು ಪ್ರವಾದಿ ಕೇಳುತ್ತಾನೆ. ನ್ಯಾಯತೀರ್ಪಿಗೆ ಬರುವಾಗ ಕರ್ತನು ಎತ್ತುವ ದೂರುಗಳಲ್ಲಿ ಮಾಟದ ಜೊತೆಗೇ ಕೂಲಿಯವನ ಕೂಲಿ ಹಿಡಿದದ್ದು, ವಿಧವೆಯನ್ನೂ ಅನಾಥನನ್ನೂ ಹಿಂಸಿಸಿದ್ದು ಇವೆ. ನ್ಯಾಯತೀರ್ಪು ದೇವರ ಮನೆಯಲ್ಲೇ ಆರಂಭವಾಗುತ್ತದೆ ಎಂದು ಅಪೊಸ್ತಲ ಪೇತ್ರನು ಬರೆದದ್ದೂ ಇದನ್ನೇ. ಪಾಲಕನಾಗಿ ಹೊಸದಾಗಿ ಸಭೆ ವಹಿಸಿಕೊಂಡಾಗ ಈ ಭಾಗವನ್ನು ನಾನು ಆರಾಧನೆಗೆ ಬಾರದವರ ಮೇಲೆ ಎಸೆದಿದ್ದೆ. ಅದು ತಪ್ಪು. ಎದುರಿಗೆ ಕೂತು ಕೇಳುತ್ತಿದ್ದ ನಮಗೇ ಆ ಮಾತು ಹೇಳಿದ್ದು.

ನಿಮ್ಮನ್ನು ಸಮಾಧಾನಪಡಿಸಲೆಂದು ಬೆಂಕಿಯನ್ನು ತಣ್ಣಗೆ ಮಾಡಲಾರೆ. ಯೆರೆಮೀಯ ಪ್ರವಾದಿಯ ಪುಸ್ತಕದ 6ನೆಯ ಅಧ್ಯಾಯದಲ್ಲಿ ತಿದಿ ಊದಿ ಊದಿ, ಸೀಸವೆಲ್ಲ ತೀರಿದರೂ ಕಸ ಬಿಡದ ಬೆಳ್ಳಿಯಿದೆ. ಅದನ್ನು ಕಂದುಬೆಳ್ಳಿ, ಅಂದರೆ ತಳ್ಳಿಬಿಟ್ಟ ಬೆಳ್ಳಿ, ಎನ್ನುತ್ತಾರೆ. ಆದರೆ ಆ ಬೆಳ್ಳಿಗೂ ನಿಮಗೂ ಒಂದು ಅಂತರವಿದೆ. ನೆಗೆಣ್ಣಿಯ ಮಾತು ಯಾರೂ ಕೇಳದಿದ್ದರೂ ನೀವೇ ಬರೆದಿದ್ದೀರಿ. ಬೋಧಕರ ಬೆದರಿಕೆಗೂ ಆ 4 ವರ್ಷಕ್ಕೂ ನೀವೇ ಗಂಟು ಹಾಕಿದ್ದೀರಿ. ಕಸ ಬೇರೆಯಾಗಿ ಕಾಣಿಸುವುದು ಬೆಂಕಿ ತಾಗಿದಾಗಲೇ.

ಮಾರ್ಪಾಟು ಒಂದೇ ಸಲಕ್ಕೋ, ಮೆಲ್ಲಗೋ ಎಂಬುದು ನಿಮ್ಮ ಪ್ರಶ್ನೆಯೊಳಗಿದೆ. ಪೌಲನು ಎರಡನ್ನೂ ಹೇಳುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ, ಕಡೇ ತುತೂರಿಯಾಗುವಾಗ ರೆಪ್ಪೆ ಬಡಿಯುವಷ್ಟರಲ್ಲಿ ನಾವೆಲ್ಲರೂ ಮಾರ್ಪಡುತ್ತೇವೆ. ಅದು ದೇವರ ಕೈಯ ಕೆಲಸ, ಸತ್ತವರ ಪುನರುತ್ಥಾನದ ದಿನದ್ದು. ಎರಡನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಪ್ರಭಾವದಿಂದ ಪ್ರಭಾವಕ್ಕೆ, ಅಂದರೆ ಮಹಿಮೆಯಿಂದ ಮಹಿಮೆಗೆ, ಈಗಲೇ ಮಾರ್ಪಡುತ್ತಾ ಇದ್ದೇವೆ. ನೀವು ಕೇಳಿದ್ದು ಈ ಎರಡನೆಯದರ ಬಗ್ಗೆ. ಅದು ಮುಗಿದಿದೆಯೋ ಎಂದು ಎದೆ ತಟ್ಟಿ ನೋಡಬೇಡಿ, ಮುಗಿದಿಲ್ಲ. ನನ್ನಲ್ಲಿಯೂ ಮುಗಿದಿಲ್ಲ.

ಆ ಬೋಧಕರು ಒಂದನೆಯ ವಚನಕ್ಕೇ ನಿಲ್ಲಿಸಿದ್ದು ನನಗೆ ನೋವು ತಂದಿದೆ. ಎರಡನೆಯದರಲ್ಲಿ ಸೂರ್ಯ ಹುಟ್ಟುತ್ತಾನೆ, ಆತನ ರೆಕ್ಕೆಗಳಲ್ಲಿ ಸ್ವಸ್ಥತೆಯಿದೆ, ಭಯಭಕ್ತಿಯವರು ಕೊಟ್ಟಿಗೆಯಿಂದ ಬಿಟ್ಟ ಕರುಗಳಂತೆ ಕುಣಿದಾಡುತ್ತಾರೆ. ಇಂದು ರಾತ್ರಿ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಅಧ್ಯಾಯವನ್ನು ಕೊನೆಯವರೆಗೆ ಓದಿ. ಬರೀ 6 ವಚನ. ನಾಳೆ ಅವನನ್ನು ಕಾಲೇಜಿಗೆ ಕಳಿಸಿ. ನೆಗೆಣ್ಣಿಯ ಮನೆಗೆ ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಸಭೆಯ ಹಿರಿಯ ತಾಯಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಪಾಲಿನ ಮಾತು ಮೊದಲ ದಿನವೇ ಎತ್ತಬೇಡಿ. ಹೇಗಿದ್ದೀರಿ ಎಂದು ಕೇಳಿ, ಅವರು ಕೊಟ್ಟ ಚಹಾ ಕುಡಿದು ಬನ್ನಿ.