‘ಟಿಕ್ಸ್’ ಎಂದರೆ ಒಂದೋ, ಹಲವೋ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು, ನಾಟಕಕ್ಕೆ ‘ಟು ಟಿಕ್ಸ್’ ಸಿಕ್ಕಿವೆ, ಎರಡೂ ‘ಕಾಂಪ್ಸ್’ ಎಂದು ಸಂದೇಶ ಕಳುಹಿಸಿದ್ದಳು. ನನಗೂ ‘ಒನ್ ಟಿಕ್ಸ್’ ಇರಲಿ ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದಾಗ ಅದು ತಪ್ಪು ಎಂದಳು. ಏಕೆ? ಕಚೇರಿಯ ಪತ್ರಗಳಲ್ಲಿ ಈ ಪದಗಳನ್ನು ಬಳಸಬಹುದೇ?

ಉತ್ತರ: ಅವಳು ಹೇಳಿದ್ದು ಸರಿ. ‘ಟಿಕ್ಸ್’ ಎಂಬುದು ‘ಟಿಕೆಟ್ಸ್’ ಎಂಬ ಬಹುವಚನದ ಮೊಟಕು ರೂಪ. ಟಿ, ಐ, ಎಕ್ಸ್ ಎಂಬ ಮೂರೇ ಅಕ್ಷರಗಳಲ್ಲಿ ಬರೆಯುವ ಈ ಪದದಲ್ಲಿ ಕೊನೆಯ ‘ಎಕ್ಸ್’ ಅಕ್ಷರವೇ ‘ಕ್ಸ್’ ಎಂದು ನುಡಿಯುವುದರಿಂದ, ಬಹುವಚನದ ‘ಸ್’ ಅದರೊಳಗೇ ಸೇರಿಹೋಗಿದೆ. ಆದ್ದರಿಂದ ಅದರ ಮುಂದೆ ಇನ್ನೊಂದು ‘ಎಸ್’ ಹಚ್ಚುವುದಾಗಲಿ, ಹಿಂದೆ ‘ಒನ್’ ಇಡುವುದಾಗಲಿ ಸಲ್ಲದು. ಪಿಕ್ಚರ್ಸ್ ‘ಪಿಕ್ಸ್’ ಆದದ್ದೂ ಇದೇ ಬಗೆಯಲ್ಲಿ. 1905ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ವೆರೈಟಿ’ ಎಂಬ ರಂಗಭೂಮಿ-ಸಿನಿಮಾ ಪತ್ರಿಕೆಯ ತಲೆಬರಹಗಳು ಇಂತಹ ಮೊಟಕು ಪದಗಳಿಗೆ ಹೆಸರುವಾಸಿ.

ಒಂದೇ ಇದ್ದರೆ ‘ಟಿಕೆಟ್’ ಎಂದು ಪೂರ್ತಿ ಬರೆಯಬೇಕು. ‘ಟಿಕ್’ ಎಂದು ಕಡಿಯುವಂತಿಲ್ಲ. ಬ್ರಿಟನ್ನಿನಲ್ಲಿ ‘ಆನ್ ಟಿಕ್’ ಎಂದರೆ ಉದ್ರಿಯಲ್ಲಿ ಕೊಳ್ಳುವುದು ಎಂದರ್ಥ, ಆ ‘ಟಿಕ್’ ಕೂಡ ಟಿಕೆಟ್ ಎಂಬುದರಿಂದಲೇ ಬಂದದ್ದು.

ನಿಮ್ಮ ತಪ್ಪಿನ ಬೇರು ನಮ್ಮ ನುಡಿಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕೌಂಟರಿನ ಮುಂದೆ ನಿಂತು ನಾವು ‘ಎರಡು ಟಿಕೆಟ್ ಕೊಡಿ’ ಎನ್ನುತ್ತೇವೆಯೇ ಹೊರತು ‘ಎರಡು ಟಿಕೆಟ್‌ಗಳು’ ಎನ್ನುವುದಿಲ್ಲ. ‘ಮೂರು ಎಳನೀರು’ ಎಂಬಲ್ಲಿಯಂತೆ ಎಣಿಕೆಯ ಪದವೇ ಬಹುತ್ವವನ್ನು ಹೇಳಿಬಿಡುತ್ತದೆ. ಈ ರೂಢಿಯಿರುವ ನಮಗೆ ‘ಟಿಕ್ಸ್’ ಒಂದು ಇಡಿಯಾದ ಹೆಸರಿನಂತೆ ಕೇಳಿಸುವುದು ಸಹಜ.

ಕಚೇರಿಯ ಪತ್ರದಲ್ಲಿ ಮಾತ್ರ ‘ಟಿಕೆಟ್ಸ್’ ಎಂದೇ ಬರೆಯಿರಿ. ಮೊಟಕು ರೂಪಗಳು ಆಪ್ತರ ಸಂದೇಶಗಳಿಗೂ ಜಾಹೀರಾತಿಗೂ ಒಪ್ಪುತ್ತವೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಅದೇ ದಿನದ ನಾಟಕಗಳಿಗೆ ರಿಯಾಯಿತಿ ದರದಲ್ಲಿ ಟಿಕೆಟ್ ಮಾರಲು 1973ರಲ್ಲಿ ತೆರೆದ ಮಳಿಗೆಯ ಹೆಸರೇ ಟಿ-ಕೆ-ಟಿ-ಎಸ್, ಅಂದರೆ ಸ್ವರಗಳನ್ನು ಬಿಟ್ಟ ‘ಟಿಕೆಟ್ಸ್’.

ಇನ್ನು ‘ಕಾಂಪ್ಸ್’ ಎಂದರೆ ‘ಕಾಂಪ್ಲಿಮೆಂಟರಿ’ ಟಿಕೆಟ್‌ಗಳು, ನಾವು ‘ಪಾಸ್’ ಎನ್ನುವಂಥವು. ಹಿಂದೆ ಅಮೆರಿಕದಲ್ಲಿ ಇವನ್ನು ‘ಆ್ಯನಿ ಓಕ್ಲಿ’ ಎಂದೂ ಕರೆಯುತ್ತಿದ್ದರು. ಊರೂರು ಸುತ್ತುತ್ತಿದ್ದ ಸಾಹಸ ತಂಡದ ಒಡೆಯ ಬಫಲೋ ಬಿಲ್‌ನ ಪ್ರದರ್ಶನಗಳಲ್ಲಿ ಇಸ್ಪೀಟಿನ ಎಲೆಗೆ ಗುರಿಯಿಟ್ಟು ತೂತು ಬೀಳುವಂತೆ ಗುಂಡು ಹಾರಿಸುತ್ತಿದ್ದ ಓಕ್ಲಿ (1860–1926) ಹೆಸರಾಂತ ಗುರಿಕಾರ್ತಿ. ಲೆಕ್ಕ ಮಾಡುವಾಗ ಹಣ ಕೊಟ್ಟು ಕೊಂಡ ಟಿಕೆಟ್‌ಗಳೊಡನೆ ಬೆರೆಯದಿರಲೆಂದು ಪುಕ್ಕಟೆ ಟಿಕೆಟ್‌ಗಳಿಗೆ ತೂತು ಹೊಡೆಯುತ್ತಿದ್ದರು, ಅವು ನೋಡಲು ಆಕೆಯ ಗುಂಡು ತಾಗಿದ ಎಲೆಗಳಂತೆಯೇ ಇರುತ್ತಿದ್ದವು.