ಮಾನ್ವಿಯಿಂದ ಸರ್ನ್‌ಗೆ ಬರುವ ತಂಗಿಗೆ

ತಂಗಿ, ಪಿಎಚ್‌ಡಿ ಕೆಲಸಕ್ಕೆ ಜಿನೀವಾದ ಸರ್ನ್‌ಗೆ, ಅಂದರೆ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಈ ದೊಡ್ಡ ಪ್ರಯೋಗಾಲಯಕ್ಕೆ, ಇಲ್ಲಿಯ ಸಿಎಂಎಸ್ ಪ್ರಯೋಗಕ್ಕೆ ಬರುತ್ತಿದ್ದೇನೆ ಅಂತ ನೀನು ಬರೆದಿದ್ದೆ. ಚಳಿ ಹೇಗೆ, ರೊಟ್ಟಿಗೆ ಏನು ಮಾಡಲಿ, ಮನೆ ಎಲ್ಲಿ ನೋಡಲಿ, ಅಷ್ಟು ಸಾವಿರ ಜನರ ನಡುವೆ ನನ್ನ ಕೆಲಸ ಯಾರ ಕಣ್ಣಿಗೆ ಬೀಳುತ್ತದೆ ಅಂತಲೂ ಕೇಳಿದ್ದೆ. ನಾನು ಲಿಂಗಸುಗೂರಿನವಳು. ಒಂದೇ ಜಿಲ್ಲೆ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಚಳಿ ಇದೆ. ಜಾಕೆಟ್ ಅಲ್ಲಿಂದ ತರಬೇಡ, ಇಲ್ಲೇ ತಗೋ. ಮನೆ ಫ್ರಾನ್ಸ್ ಕಡೆ ನೋಡು, ಬಾಡಿಗೆ ಸ್ವಲ್ಪ ಕಡಿಮೆ. ವೀಸಾ ವಿಷಯ ಸರ್ನ್‌ನ ಯೂಸರ್ಸ್ ಆಫೀಸಿನವರನ್ನೇ ಕೇಳು, ಊರಿನ ಏಜೆಂಟರನ್ನಲ್ಲ.

ನಾನು ಬಂದಿದ್ದು ಫೆಬ್ರವರಿಯಲ್ಲಿ. ಅವ್ವ ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟ ಕಡಕ್ ರೊಟ್ಟಿ ಅರ್ಧ ಪುಡಿಯಾಗಿತ್ತು. ಹಾಸ್ಟೆಲ್ ರೂಮಿನಲ್ಲಿ ಆ ಪುಡಿಗೇ ಶೇಂಗಾ ಹಿಂಡಿ, ಎಣ್ಣೆ ಕಲಸಿಕೊಂಡು ತಿಂದೆ. ನೀನು ಸ್ಟೀಲ್ ಡಬ್ಬಿಯಲ್ಲಿ ತಾ. ತುಪ್ಪ, ಪೇಡೆ ಬೇಡ. ನಮ್ಮ ಕಡೆಯ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ.

ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ ಪ್ರೋಟಾನ್‌ಗಳನ್ನು ಓಡಿಸುವ 27 ಕಿ.ಮೀ. ಸುರಂಗ ಅಂದರೆ ಬಂದವರೆಲ್ಲ ಬಾಯಿ ಬಿಡುತ್ತಾರೆ. ನಮ್ಮ ಹಟ್ಟಿ ಚಿನ್ನದ ಗಣಿ ಅದಕ್ಕಿಂತ ಎಷ್ಟೋ ಆಳ ಅಂತ ನಾನು ಹೇಳದೆ ಬಿಡುವುದಿಲ್ಲ. ಕೋಲಾರದ ಗಣಿಯಲ್ಲಂತೂ 1965ರಲ್ಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಕಣಗಳ ಸುಳಿವು ಹಿಡಿದಿದ್ದರು. ಇಲ್ಲಿಯ ಹುಡುಗರಿಗೆ ಇದು ಗೊತ್ತಿರಲ್ಲ.

ಈಗ ನಿನ್ನ ಕೊನೆಯ ಪ್ರಶ್ನೆ. 2015ರಲ್ಲಿ ಇಲ್ಲಿಯ ಇನ್ನೊಂದು ದೊಡ್ಡ ಪ್ರಯೋಗ ಅಟ್ಲಾಸ್, ನಿನ್ನ ಸಿಎಂಎಸ್ ಎರಡೂ ಸೇರಿ ಹಿಗ್ಸ್ ಕಣದ ತೂಕ ಹೇಳುವ ಪ್ರಬಂಧ ಬರೆದವು. ಒಟ್ಟು 33 ಪುಟ. ಅದರಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳ ಪಟ್ಟಿ. ಹೆಸರುಗಳು 5 ಸಾವಿರಕ್ಕೂ ಜಾಸ್ತಿ. ಅಲ್ಲಿ ನಿನ್ನ ಹೆಸರಿದ್ದರೆ ಅಪ್ಪಾಜಿಗೆ ಖುಷಿ, ಬೀದಿಯವರಿಗೆಲ್ಲ ತೋರಿಸುತ್ತಾರೆ. ಕೆಲಸ ಕೊಡುವವರು ಮಾತ್ರ ಆ ಪುಟ ತೆರೆದೂ ನೋಡುವುದಿಲ್ಲ.

ನನಗೆ ಮೊದಲು ಸಿಕ್ಕಿದ್ದು ಮ್ಯೂಯಾನ್ ಅನ್ನುವ ಕಣ ಹಿಡಿಯುವ, ಗ್ಯಾಸ್ ತುಂಬಿದ ಡಿಟೆಕ್ಟರ್ ಚೇಂಬರ್‌ಗಳ ಕೆಲಸ. ಸೆಕೆಂಡಿಗೆ 4 ಕೋಟಿ ಸಲ ಪ್ರೋಟಾನ್ ಗುಂಪುಗಳು ಎದುರುಬದುರಾಗುತ್ತವೆ. ಅದರಲ್ಲಿ ಒಂದು ಲಕ್ಷದಷ್ಟನ್ನು ಮಾತ್ರ ಎಲೆಕ್ಟ್ರಾನಿಕ್ಸ್ ಆರಿಸಿ ಮುಂದೆ ಕಳಿಸುತ್ತದೆ. ಚೇಂಬರಿನಿಂದ ಸಿಗ್ನಲ್ ತರುವ ಯಾವುದೋ ಒಂದು ಚಾನೆಲ್ ಕಣವೇ ಬರದಿದ್ದರೂ ಸುಮ್ನೆ ಕೂಗುತ್ತಿದ್ದರೆ ಆ ಆಯ್ಕೆಯೇ ಹಾಳು. ರಾತ್ರಿ ಪಾಳಿಯಲ್ಲಿ ಪರದೆ ತುಂಬ ಹಸಿರು ಚೌಕ, ನಡುವೆ ಒಂದು ಕೆಂಪು. ಅದು ಕೇಬಲ್ಲಿನ ತಂಟೆಯೋ, ವೋಲ್ಟೇಜ್ ಜಾಸ್ತಿಯಾಗಿದೆಯೋ, ಚೇಂಬರೇ ಕೆಟ್ಟಿದೆಯೋ ಅಂತ ಒಂದೊಂದೇ ಹುಡುಕಬೇಕು. ಈ ಹುಡುಕಾಟಕ್ಕೊಂದು ಪ್ರೋಗ್ರಾಂ ಬರೆದೆ. ಎಲ್ಲರೂ ಬಳಸತೊಡಗಿದರು. ಸಮ್ಮೇಳನದಲ್ಲಿ ಅದರ ಬಗ್ಗೆ ಮಾತಾಡಿದ್ದು ಇನ್ನೊಂದು ಗುಂಪಿನ ಹುಡುಗ.

ಅವನು ಕದಿಯಲಿಲ್ಲ. ಯಾರು ಮಾತಾಡುತ್ತೀರಿ ಅಂತ ಕೇಳಿದಾಗ ಕೈ ಎತ್ತಿದ, ಅಷ್ಟೇ. ಸ್ಲೈಡಿನ ಕೆಳಗೆ ನನ್ನ ಹೆಸರನ್ನೂ ಹಾಕಿದ್ದ. ನಾನು ಹಿಂದಿನ ಸಾಲಲ್ಲಿ ಕೂತಿದ್ದೆ. ನಮ್ಮ ಕಡೆ ಹೇಗೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ: ಹೆಣ್ಣುಮಗಳು ತನ್ನ ಕೆಲಸ ತಾನೇ ಹೇಳಿಕೊಂಡರೆ ಮಂದಿ ಏನಂತಾರೆ? ಸರ್ ನೋಡಿರುತ್ತಾರೆ, ಸಮಯ ಬಂದಾಗ ಕರೆಯುತ್ತಾರೆ ಅಂತ ಕಾಯುತ್ತೇವೆ, ಅಲ್ವಾ? ಇಲ್ಲಿ ಯಾರೂ ಕರೆಯಲ್ಲ. ಅವತ್ತು ಸುಮ್ಮನೆ ಕೂತಿದ್ದು ಇವತ್ತಿಗೂ ನನಗೆ ಚುಚ್ಚುತ್ತದೆ.

2017ರಲ್ಲಿ ಭಾರತ ಸರ್ನ್‌ನ ಸಹಸದಸ್ಯ ದೇಶವಾದ ಮೇಲೆ ನಮ್ಮವರೂ ಇಲ್ಲಿಯ ನೌಕರಿಗೆ ಅರ್ಜಿ ಹಾಕಬಹುದು. ಆದರೆ ಸಂದರ್ಶನದಲ್ಲಿ ಕೇಳುವುದು ಇಷ್ಟೇ: ಇದರಲ್ಲಿ ನೀನು ಮಾಡಿದ್ದೇನು? ಒಳಗಿನ ನೋಟ್, ಅಂದರೆ ಪ್ರಯೋಗದವರಿಗಾಗಿ ಬರೆಯುವ ತಾಂತ್ರಿಕ ವರದಿ, ಬರೆದವರು ಯಾರು? ಯಾವ ಸಭೆಯಲ್ಲಿ ಮಾತಾಡಿದ್ದೀಯ?

ಅದಕ್ಕೆ ವಿಮಾನ ಹತ್ತುವ ಮೊದಲೇ ನಿನ್ನ ಗೈಡ್‌ಗೆ ಒಂದು ಮೇಲ್ ಹಾಕು. ನನಗೆ ಕೊಡುವ ಡಿಟೆಕ್ಟರ್ ಕೆಲಸ ಯಾವುದು, ಅದರ ನೋಟ್ ನಾನೇ ಬರೆಯಬಹುದಾ, ಸಭೆಯಲ್ಲಿ ವರದಿ ಕೊಡುವವರು ಯಾರು ಅಂತ ಮರ್ಯಾದೆಯಿಂದಲೇ ಕೇಳು. ಅವರೇನು ಉತ್ತರ ಕೊಟ್ಟರು ಅಂತ ನನಗೂ ತಿಳಿಸು.